ದಂಡಿಯ ದಾರಿಯ ಊಟ

ದಂಡಿಯಾತ್ರೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಡೆದ ಮೈಲಿಗಳನ್ನು ಎಣಿಸಿದ್ದಾರೆ, ತಂಗಿದ ಊರುಗಳನ್ನು ಹೆಸರಿಸಿದ್ದಾರೆ, ಮಾಡಿದ ಭಾಷಣಗಳನ್ನು ಸಂಗ್ರಹಿಸಿದ್ದಾರೆ. ಅಷ್ಟು ಜನ ಅಷ್ಟು ದಿನ ಎಲ್ಲಿ ಉಂಡರು, ಏನನ್ನು ಉಂಡರು, ಆ ಅನ್ನ ಯಾರದು ಎಂಬ ಪ್ರಶ್ನೆಯು ಅಡಿಗೆಮನೆಯ ವಿಷಯವೆಂದು ಹಿಂದೆ ಸರಿದಿದೆ. ಆದರೆ ಯಾತ್ರೆಯನ್ನು ಹೂಡಿದ ಮಹಾತ್ಮರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಹೊರಡುವುದಕ್ಕೆ ಮೂರು ದಿನ ಮೊದಲು ಅವರು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು ರಾಜನೀತಿಯ ಸಿದ್ಧಾಂತವೊಂದನ್ನೇ ಅಲ್ಲ. ಹೊತ್ತುಹೊತ್ತಿನ ಊಟದ ಪಟ್ಟಿಯನ್ನು ಸಹ. ವಸ್ತ್ರಾಪುರದಿಂದ ಸಾಬರಮತಿಯ ಆಶ್ರಮಕ್ಕೆ ಇಂದು ಅರ್ಧ ತಾಸಿನ ದಾರಿ. 1930ರಲ್ಲಿ ವಸ್ತ್ರಾಪುರವು ಅಹಮದಾಬಾದಿನ ಹೊರಗೆ ಕೆರೆಯ ಬದಿಯ ಹಳ್ಳಿ. ಆ ಆಶ್ರಮದಿಂದ ಹೊರಟವರಲ್ಲಿ ಕನ್ನಡ ನಾಡಿನವನೂ ಒಬ್ಬನಿದ್ದನು. ಹೀಗಾಗಿ ಗುಜರಾತಿನ ಕನ್ನಡಿಗರಿಗೆ ಈ ಊಟದ ಕಥೆ ಎರಡು ಕಡೆಯಿಂದಲೂ ಹತ್ತಿರದ್ದು.

ಮೊದಲು ಗುರಿಯ ಊರನ್ನು ನೋಡಬೇಕು. ಕನ್ನಡದಲ್ಲಿ ನಾವು ದಂಡಿ ಎನ್ನುವ ಊರನ್ನು ಅಲ್ಲಿಯವರು ದಾಂಡಿ ಎನ್ನುತ್ತಾರೆ. ಅಂದು ಅದು ಸೂರತ್ ಜಿಲ್ಲೆಯ ಜಲಾಲಪುರ ತಾಲೂಕಿನ ಕಟ್ಟಕಡೆಯ ಕಡಲ ಹಳ್ಳಿ. ಇಂದು ಆ ತಾಲೂಕು ನವಸಾರಿ ಜಿಲ್ಲೆಗೆ ಸೇರಿದೆ. ರೈಲು ನಿಲ್ಲುತ್ತಿದ್ದುದು ಬಡೋದೆ ಸಂಸ್ಥಾನದ ನವಸಾರಿಯಲ್ಲಿ. ಅಲ್ಲಿಂದ ಮುಂದೆ ಸುಮಾರು ಹತ್ತು ಮೈಲಿ, ನಡುವೆ ಉಬ್ಬರದ ನೀರು ನುಗ್ಗುವ ಕೆಸರಿನ ಕಾಲುವೆಗಳು. ಸುತ್ತಲ ನೆಲ ಉಪ್ಪುನೆಲ. ಕುಡಿಯುವ ನೀರಿಗೆ ಬರ. ಮಾರಲು ಧಾನ್ಯವಿಲ್ಲ, ಕೊಳ್ಳಲು ಅಂಗಡಿಸಾಲಿಲ್ಲ. ಉಪ್ಪೊಂದೇ ಅಲ್ಲಿ ಯಥೇಚ್ಛವಾಗಿ ದೊರೆಯುತ್ತಿದ್ದ ವಸ್ತು. ಅದನ್ನು ಮುಟ್ಟಿದರೆ ಅಪರಾಧ. ಇಂಥ ಊರಿಗೆ ಎಂಬತ್ತು ಜನರ ಪಂಕ್ತಿಯನ್ನು ಕರೆದೊಯ್ಯುವವನು ಊಟದ ಯೋಚನೆಯನ್ನು ಮೊದಲು ಮಾಡಬೇಕಾದದ್ದು ಸಹಜವೇ.

ಮಾರ್ಚ್ 9ರ 'ನವಜೀವನ'ದಲ್ಲಿ ಪ್ರಕಟವಾದ ಸೂಚನೆಗಳ ಸಾರ ಹೀಗಿದೆ. ತಂಡವು ಬೆಳಿಗ್ಗೆ ಎಂಟರೊಳಗೆ ಊರನ್ನು ಸೇರುವುದು; ಹತ್ತು, ಹತ್ತೂವರೆಯ ನಡುವೆ ಊಟಕ್ಕೆ ಕೂಡುವುದು. ತಂಗಲು ಕೋಣೆ ಬೇಡ, ನೆರಳಿರುವ ಚೊಕ್ಕಟ ಜಾಗ ಸಾಕು. ಆಹಾರವನ್ನು ಊರವರೇ ಒದಗಿಸುವುದು. ಬೇಯಿಸದ ಪದಾರ್ಥಗಳನ್ನು ಕೊಟ್ಟರೆ ತಂಡದವರೇ ಅಡಿಗೆ ಮಾಡಿಕೊಳ್ಳುವರು. ಸಿಹಿ ಮಾಡಿದರೂ ಸ್ವೀಕರಿಸಲಾಗದು. ತರಕಾರಿಯನ್ನು ನೀರಿನಲ್ಲಿ ಬೇಯಿಸಿದರೆ ಮುಗಿಯಿತು. ಎಣ್ಣೆ, ಮಸಾಲೆ, ಮೆಣಸಿನಕಾಯಿ ಯಾವ ರೂಪದಲ್ಲಿಯೂ ಕೂಡದು. ಬೆಳಗಿನಲ್ಲಿ ಹೊರಡುವ ಮುನ್ನ 'ರಾಬ್' ಮತ್ತು 'ಢೇಬರಾ'. ಮಧ್ಯಾಹ್ನಕ್ಕೆ 'ಭಾಖರಿ', ತರಕಾರಿ, ಹಾಲು ಅಥವಾ ಮಜ್ಜಿಗೆ. ಸಂಜೆಯ ನಡಿಗೆಗೆ ಮೊದಲು ಹುರಿಗಡಲೆ ಹಾಗೂ ಅಕ್ಕಿಯ ತಿಂಡಿ. ರಾತ್ರಿಗೆ ಖಿಚಡಿ, ತರಕಾರಿ, ಮಜ್ಜಿಗೆ ಅಥವಾ ಹಾಲು. ತಮಗೆ ಮಾತ್ರ, ದೊರೆತರೆ, ಮೂರು ಹೊತ್ತು ಆಡಿನ ಹಾಲು, ಒಣದ್ರಾಕ್ಷಿ ಇಲ್ಲವೆ ಖರ್ಜೂರ, ಮೂರು ನಿಂಬೆಹಣ್ಣು ಸಾಕೆಂದು ಗಾಂಧೀಜಿಯವರು ತಿಳಿಸಿದ್ದರು.

ಗುಜರಾತಿನಲ್ಲಿ ನೆಲಸಿದ ವಾಚಕರಿಗೆ ಈ ಪದಾರ್ಥಗಳ ಪರಿಚಯ ಬೇಕಿಲ್ಲ. ಕರ್ನಾಟಕದಲ್ಲಿರುವವರಿಗಾಗಿ ಒಂದು ಮಾತು. ರಾಬ್ ಎಂಬುದು ಹಿಟ್ಟನ್ನು ತುಪ್ಪದಲ್ಲಿ ಹುರಿದು ಬೆಲ್ಲದ ನೀರಿನಲ್ಲಿ ಕುದಿಸಿದ ಅಂಬಲಿ. ಢೇಬರಾ ಸಜ್ಜೆಯ ಹಿಟ್ಟಿನ ತಟ್ಟುರೊಟ್ಟಿ, ಮೆಂತ್ಯದ ಸೊಪ್ಪು ಸೇರಿಸಿದ್ದು. ಎರಡು ದಿನ ಕೆಡದೆ ಉಳಿಯುವುದರಿಂದ ಪಯಣದ ಬುತ್ತಿಗೆ ಹೇಳಿಮಾಡಿಸಿದಂಥದು. ಭಾಖರಿಯ ವಿಷಯದಲ್ಲಿ ಎಚ್ಚರ ಬೇಕು. ಹುಬ್ಬಳ್ಳಿ ಧಾರವಾಡದ ಕಡೆ ಭಕ್ಕರಿ ಎಂದರೆ ಜೋಳದ ರೊಟ್ಟಿ. ಗುಜರಾತಿನ ಭಾಖರಿ ಗೋದಿಯ ದಪ್ಪ ರೊಟ್ಟಿ. ಹೆಸರು ಒಂದೇ, ಹಿಟ್ಟು ಬೇರೆ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಸೋಜಿಗದ್ದು ತುಪ್ಪದ ಲೆಕ್ಕ. ತಲೆಗೆ ದಿನಕ್ಕೆ ಮೂರು ತೊಲ ಮೀರಬಾರದು: ಒಂದು ತೊಲ ರಾಬ್‌ನಲ್ಲಿ, ಒಂದು ಭಾಖರಿಯ ಜೊತೆಗೆ ಬೇರೆಯಾಗಿ, ಒಂದು ಖಿಚಡಿಯಲ್ಲಿ. ಇಂದಿನ ತೂಕದಲ್ಲಿ ಮೂರು ತೊಲವೆಂದರೆ 35 ಗ್ರಾಂ. ಆಶ್ರಮದಿಂದ ಹೊರಟ ತಂಡ ಗಾಂಧೀಜಿಯವರನ್ನು ಬಿಟ್ಟು 78 ಮಂದಿ. ದಿನವೊಂದಕ್ಕೆ 234 ತೊಲ, ಎಂದರೆ 80 ತೊಲದ ಸೇರಿನಲ್ಲಿ ಮೂರು ಸೇರಿಗೆ ಆರು ತೊಲ ಕಡಿಮೆ. ಇಪ್ಪತ್ತನಾಲ್ಕು ದಿನಗಳಿಗೆ ಕೂಡಿಸಿದರೆ ಸುಮಾರು 70 ಸೇರು, ಸರಕಾರಿ ಮಣದಲ್ಲಿ ಒಂದು ಮಣ ಮೂವತ್ತು ಸೇರು. ಮೇಲ್ಮಿತಿಯೇ ಇಷ್ಟು. ಒಂದು ಊರಿನ ಪಾಲಿಗೆ ಬರುತ್ತಿದ್ದುದು ಒಂದು ಹೊತ್ತು, ಎರಡು ಹೊತ್ತು. ಗುಜರಾತಿನ ನಡುತರದ ಹಳ್ಳಿಯ ಮದುವೆಯೊಂದರಲ್ಲಿ ಕರಗುವ ತುಪ್ಪದ ಎದುರಿಗೆ ಇದು ಏನೂ ಅಲ್ಲ. ಆತಿಥ್ಯಕ್ಕೆ ಹೆಸರಾದ ನಾಡಿನಲ್ಲಿ ಅತಿಥಿಯೇ ತನ್ನ ಎಲೆಗೆ ತೂಕವನ್ನು ಗೊತ್ತುಮಾಡಿದ್ದರಲ್ಲಿ ಇಬ್ಬರ ರಕ್ಷಣೆಯೂ ಇತ್ತು: ಉಣ್ಣುವವರು ಆಸೆಗೆ ಬೀಳುವಂತಿಲ್ಲ, ಬಡಿಸುವವರು ನೆರೆಯ ಊರಿನೊಡನೆ ಪೈಪೋಟಿಗೆ ಬಿದ್ದು ಸಾಲ ಮಾಡುವಂತಿಲ್ಲ. ಈ ಎರಡನೆಯದನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲ.

ಅದೇ ಸೂಚನೆಗಳಲ್ಲಿ ಊರೂರಿನವರು ಸಿದ್ಧಪಡಿಸಿಡಬೇಕಾದ ವಿವರಗಳ ಪಟ್ಟಿಯೂ ಇದೆ. ಜನಸಂಖ್ಯೆ ಎಷ್ಟು, ಅದರಲ್ಲಿ ಹಿಂದೂ ಮುಸಲ್ಮಾನ ಕ್ರೈಸ್ತ ಪಾರಸಿಗಳೆಷ್ಟು, ಅಸ್ಪೃಶ್ಯರೆಷ್ಟು, ನೂಲುವ ರಾಟೆಗಳೆಷ್ಟು, ಭೂಕಂದಾಯವೆಷ್ಟು, ಹಸು ಎಮ್ಮೆಗಳೆಷ್ಟು. ಜೊತೆಗೆ ತಲೆಗೆ ಉಪ್ಪು ಎಷ್ಟು ಬೇಕಾಗುತ್ತದೆ, ದನಗಳಿಗೆಷ್ಟು. ಆಗ ಉಪ್ಪಿನ ಮೇಲಣ ತೆರಿಗೆ ಮಣಕ್ಕೆ ಒಂದು ರೂಪಾಯಿ ನಾಲ್ಕಾಣೆ. ನಾಲ್ವತ್ತು ಸೇರಿಗೆ ಇಪ್ಪತ್ತಾಣೆಯಾದ್ದರಿಂದ ಸೇರಿಗೆ ಅರ್ಧಾಣೆ ಬೀಳುತ್ತದೆ. ಅರ್ಧಾಣೆ ಅಲ್ಪವೆಂದು ಸರಕಾರವು ವಾದಿಸುತ್ತಿತ್ತು. ದಿನದ ವರಮಾನ ಎರಡಾಣೆಯನ್ನು ಮುಟ್ಟದ ಮನೆಯಲ್ಲಿ, ದನದ ಬಾಯಿಗೂ ಉಪ್ಪು ಹಾಕಬೇಕಾದಲ್ಲಿ, ಅದು ಅಲ್ಪವಲ್ಲ. ಊಟದ ಪಟ್ಟಿಯಲ್ಲಿ ಎಣ್ಣೆ, ಮಸಾಲೆ, ಮೆಣಸಿನಕಾಯಿ ನಿಷಿದ್ಧ. ಉಪ್ಪಿನ ವಿಷಯದಲ್ಲಿ ನಿಷೇಧವಿಲ್ಲವೆಂಬುದನ್ನೂ ಇಲ್ಲಿ ಲಕ್ಷಿಸಬಹುದು. ಬಿಡಬಹುದಾದ ರುಚಿಗಳನ್ನೆಲ್ಲ ಬಿಟ್ಟ ಮೇಲೆ ಉಳಿದ, ಬಿಡಲಾಗದ ಒಂದರ ಮೇಲೆಯೇ ಕರವಿದ್ದಿತು.

ಇನ್ನು ಕನ್ನಡದವನ ಮಾತು. ತಂಡದ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ ಒಂದು: ಮಹಾದೇವ ಮಾರ್ತಂಡ, ವಯಸ್ಸು ಹದಿನೆಂಟು. ತಂದೆಯ ಹೆಸರನ್ನು ಜೊತೆಗಿಟ್ಟು ಬರೆಯುವ ಗುಜರಾತಿನ ವಾಡಿಕೆಯಿಂದಾಗಿ ಮನೆತನದ ಹೆಸರು ಮರೆಯಾಯಿತು. ಈತನೇ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1911ರ ಜೂನ್ 8ರಂದು ಹುಟ್ಟಿದವನು. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. ಮೋಟೆಬೆನ್ನೂರು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಊರು, ನೆರೆಯಲ್ಲಿಯೇ ಬ್ಯಾಡಗಿ. ಮೆಣಸಿನಕಾಯಿಯ ಪೇಟೆಯೆಂದು ನಾಡಿಗೆಲ್ಲ ಹೆಸರಾದ ಬ್ಯಾಡಗಿಯ ಮಗ್ಗುಲಲ್ಲಿ ಬೆಳೆದು, ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಉಣ್ಣುವ ಸೀಮೆಯ ತರುಣನೊಬ್ಬನು, ಹಸಿಯದಾಗಲಿ ಒಣಗಿದ್ದಾಗಲಿ ಮೆಣಸಿನಕಾಯಿಯ ಸೋಂಕಿಲ್ಲದ ಬೇಯಿಸಿದ ತರಕಾರಿಯನ್ನು ಸಮುದ್ರದವರೆಗೂ ಉಂಡನೆಂಬುದು ಸಾಮಾನ್ಯ ಸಂಗತಿಯಲ್ಲ. ಆಶ್ರಮದ ಊಟದ ಅಭ್ಯಾಸ ಅವನಿಗೆ ಮೊದಲೇ ಆಗಿತ್ತೆನ್ನಬೇಕು. ಆ ಪಂಕ್ತಿಯಲ್ಲಿ ಕೇರಳದವರು, ಪಂಜಾಬಿನವರು, ಮಹಾರಾಷ್ಟ್ರದವರು, ಉತ್ಕಲದವನು, ನೇಪಾಳದವನು ಎಲ್ಲರೂ ಇದ್ದರು. ಆಶ್ರಮದ ಗೋಶಾಲೆಯನ್ನು ನೋಡಿಕೊಳ್ಳುತ್ತಿದ್ದ ಕೇರಳದ ಟೈಟಸ್ ಕ್ರೈಸ್ತರು, ಮುಸಲ್ಮಾನರೂ ಇದ್ದರು. ಹತ್ತು ಪ್ರಾಂತಗಳ ನಾಲಗೆಗಳಿಗೆ ಹೊಂದುವ ಅಡಿಗೆಯನ್ನು ಹುಡುಕುವುದಕ್ಕಿಂತ, ಯಾವ ನಾಲಗೆಗೂ ವಿಶೇಷ ಸಲ್ಲದ ಅಡಿಗೆಯನ್ನು ಎಲ್ಲರಿಗೂ ಬಡಿಸುವುದೇ ನ್ಯಾಯವೆಂಬುದು ಆಶ್ರಮದ ಪದ್ಧತಿ.

ಮಾರ್ಚ್ 12ರ ಬೆಳಿಗ್ಗೆ ಹೊರಟ ತಂಡ ಆ ರಾತ್ರಿ ಅಸಲಾಲಿಯಲ್ಲಿ ತಂಗಿತು. ಮುಂದೆ ಖೇಡಾ ಜಿಲ್ಲೆ: ಮಾತರ, ನಡಿಯಾದ, ಆಣಂದ, ಬೋರಸದ, ರಾಸ್. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ 'ಅರುಣ ತುಕಡಿ' ಎಂಬ ಮುಂಗಾವಲು ತಂಡವು ಒಂದೆರಡು ಹೆಜ್ಜೆ ಮುಂದೆ ನಡೆದು, ಊರಿನವರೊಡನೆ ನೆರಳು, ನೀರು, ಅಡಿಗೆಗಳ ಏರ್ಪಾಟನ್ನು ನೋಡಿಕೊಳ್ಳುತ್ತಿತ್ತು. ಸೋಮವಾರ ಮೌನ, ಅಂದು ನಡಿಗೆಯಿಲ್ಲ. ಆಣಂದ, ಸಮನಿ, ದೇಲಾಡ ಈ ಮೂರು ಊರುಗಳಿಗೆ ಆ ವಿಶ್ರಾಂತಿಯ ದಿನಗಳ ಊಟದ ಹೊಣೆಯೂ ಸೇರಿ ಬಂದಿತು.

ದಾರಿಯಲ್ಲಿ ಅನ್ನದ ಪ್ರಶ್ನೆ ಎರಡು ಸಲ ಬೇರೆ ರೂಪಗಳಲ್ಲಿ ಎದ್ದಿತು. ರಾಸ್ ಗ್ರಾಮದಲ್ಲಿ ವಲ್ಲಭಭಾಯಿ ಪಟೇಲರನ್ನು ಮಾರ್ಚ್ 7ರಂದೇ ಬಂಧಿಸಿದ್ದರಿಂದ ಖೇಡಾದ ಜನ ಕೆರಳಿದ್ದರು. ಊರ ಪಟೇಲಿಕೆಗಳಿಗೆ ರಾಜೀನಾಮೆಗಳು ಬೀಳುತ್ತಿದ್ದವು. ಸರಕಾರಿ ನೌಕರರಿಗೆ ದಿನಸಿ ಕೊಡದೆ ಅವರನ್ನು ಮಣಿಸಬೇಕೆಂಬ ಉತ್ಸಾಹ ಕೆಲವೆಡೆ ತಲೆಯೆತ್ತಿತು. ಗಾಂಧೀಜಿಯವರು ಇದನ್ನು ಖಂಡತುಂಡವಾಗಿ ನಿರಾಕರಿಸಿದರು. ಅಧಿಕಾರಿಯನ್ನು ಹಸಿವಿನಿಂದ ಕೆಡಹುವುದು ಧರ್ಮವಲ್ಲ. ಜನರಲ್ ಡಯರನಿಗೇ ಹಾವು ಕಚ್ಚಿದರೂ ತಾವು ಆ ವಿಷವನ್ನು ಹೀರಿ ತೆಗೆಯಲು ಸಿದ್ಧ ಎಂಬುದು ಅವರ ಮಾತಿನ ತಾತ್ಪರ್ಯ. ಜಲಿಯಾನ್‌ವಾಲಾ ಬಾಗಿನ ಹೆಸರನ್ನು ಹನ್ನೊಂದು ವರ್ಷಗಳ ಮೇಲೆ ಈ ಪ್ರಸಂಗದಲ್ಲಿ ಎತ್ತಿದ್ದು ಕೇಳಿದವರಿಗೆ ಹಿತವಾಗಿರಲಾರದು. ಎರಡನೆಯದು ಗಜೇರಾದಲ್ಲಿ, ಮಾರ್ಚ್ 21ರಂದು. ಸಭೆಯಲ್ಲಿ ಅಸ್ಪೃಶ್ಯರನ್ನು ದೂರ ಕೂಡಿಸಿದ್ದನ್ನು ಕಂಡು ಅವರು, ಎಲ್ಲರೊಡನೆ ಅವರಿಗೂ ಎಡೆ ದೊರೆಯದೆ ಮಾತನ್ನು ಆರಂಭಿಸಲೊಪ್ಪಲಿಲ್ಲ. ಒಂದೇ ಊರು ಎಂಬತ್ತು ಅಪರಿಚಿತರಿಗೆ ಎಲೆ ಹಾಕಬಲ್ಲುದು, ತನ್ನ ಕೇರಿಯವರ ಪಕ್ಕದಲ್ಲಿ ಕೂಡಲಾರದು. ಈ ವೈಷಮ್ಯ ಕರ್ನಾಟಕದ ಹಳ್ಳಿಗಳಿಗೂ ಹೊಸದಾಗಿರಲಿಲ್ಲ.

ಆದರೆ ಯಾತ್ರೆಯ ಊಟದ ಚರಿತ್ರೆಯಲ್ಲಿ ನಿಜವಾದ ಬಿಕ್ಕಟ್ಟು ಹುಟ್ಟಿದ್ದು ಸೂರತ್ ಜಿಲ್ಲೆಯನ್ನು ಹೊಕ್ಕಮೇಲೆ, ಮಾರ್ಚ್ 29ರಂದು ಭಾಟಗಾಮದಲ್ಲಿ. ಅಷ್ಟರಲ್ಲಿ ಜನರ ಪ್ರೀತಿ ಕಟ್ಟೆಯೊಡೆದಿತ್ತು. ಅತಿಥಿಗಳಿಗೆ ಒಳ್ಳೆಯ ಹಾಲು ಬೇಕೆಂದು ಸೂರತ್ತಿನಿಂದ ಮೋಟಾರು ಲಾರಿಯಲ್ಲಿ ಹಾಲು ತರಿಸಿದ್ದರು. ಕಿತ್ತಳೆ, ದ್ರಾಕ್ಷಿಗಳು ಬೇಕಾದುದಕ್ಕಿಂತ ಹೆಚ್ಚು ಬಂದು ಬೀಳುತ್ತಿದ್ದವು. ರಾತ್ರಿಯ ನಡಿಗೆಗೆ ಬೆಳಕಾಗಲೆಂದು ಭಾರವಾದ ಕಿಟ್ಸನ್ ದೀಪವನ್ನು ಕೂಲಿಯೊಬ್ಬನ ತಲೆಯ ಮೇಲೆ ಹೊರಿಸಿದ್ದರು. ಮೂರು ತೊಲ ತುಪ್ಪದ ಲೆಕ್ಕವನ್ನು ಬರೆದಿಟ್ಟವರ ಕಣ್ಣೆದುರಿನಲ್ಲೇ ಆ ಲೆಕ್ಕ ಸಡಿಲಿತ್ತು.

ಅಂದು ಅವರು ಜನರ ಮುಂದೆ ಆಡಿದ ಮಾತು ಸ್ವಾಗತಕ್ಕೆ ಉತ್ತರವಲ್ಲ, ತನಿಖೆಯ ವರದಿ. ಇದೇ ಮಾರ್ಚ್ 2ರಂದು ವೈಸರಾಯ್ ಇರ್ವಿನ್ನರಿಗೆ ಬರೆದ ಪತ್ರದಲ್ಲಿ ಅವರ ತಿಂಗಳ ಸಂಬಳ 21,000 ರೂಪಾಯಿ, ದಿನಕ್ಕೆ 700ಕ್ಕೂ ಮಿಕ್ಕು, ಭಾರತೀಯನ ಸರಾಸರಿ ವರಮಾನ ದಿನಕ್ಕೆ ಎರಡಾಣೆಗಿಂತ ಕಡಿಮೆ ಎಂದು ಎತ್ತಿ ತೋರಿಸಿದ್ದರಷ್ಟೆ. 700 ರೂಪಾಯಿಯೆಂದರೆ 11,200 ಆಣೆ. ಎರಡಾಣೆಯ 5,600 ಪಾಲು. ಆ ಅಳತೆಗೋಲನ್ನು ಈಗ ತಮ್ಮ ಕಡೆಗೇ ತಿರುಗಿಸಿದರು. ಬಡವನ ಸರಾಸರಿ ದಿನವರಮಾನ ಏಳು ಪೈಸೆ. ತಮಗಾಗಿ ಅದರ ಐವತ್ತು ಪಾಲು ವೆಚ್ಚವಾದರೆ, ಐದು ಸಾವಿರ ಪಾಲು ತೆಗೆದುಕೊಳ್ಳುವವನನ್ನು ಕೇಳುವ ಅಧಿಕಾರ ಎಲ್ಲಿಯದು ಎಂದು ಪ್ರಶ್ನಿಸಿದರು. ಆಣೆಗೆ ನಾಲ್ಕು ಪೈಸೆಯ ಕಾಲದಲ್ಲಿ ಏಳು ಪೈಸೆಯ ಐವತ್ತು ಪಾಲು ಐದು ರೂಪಾಯಿ ಏಳೂವರೆ ಆಣೆಯಾಗುತ್ತದೆ. ಬಡ ದೇಶಕ್ಕೆ ತಕ್ಕ ಮಟ್ಟವನ್ನು ಮೀರಿ ಬದುಕುವುದು ಕದ್ದ ಅನ್ನವನ್ನು ಉಣ್ಣುವುದಕ್ಕೆ ಸಮ ಎಂಬಷ್ಟು ದೂರ ಅವರು ಹೋದರು. ತಂದದ್ದು ಹೆಚ್ಚಾದರೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಹಿಂದಿರುಗಿಸಬೇಕು; ಅಲ್ಲಿಯೇ ದೊರೆಯದ ಹಾಲಿಲ್ಲದೆ ನಡೆಯಬೇಕು.

ಇದನ್ನು ಜನರಂಜನೆಗಾಗಿ ಆಡಿದ ಬಡತನದ ನಾಟಕವೆಂದು ಕರೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ನಾಟಕವಾಗಿದ್ದರೆ ಲಾರಿಯ ಹಾಲಿನ ಸುದ್ದಿಯನ್ನು ಮುಚ್ಚಿಡುವುದು ಸುಲಭವಾಗಿತ್ತು. ವಿದೇಶದ ಪತ್ರಿಕೆಗಳೂ ಕಿವಿಗೊಟ್ಟಿದ್ದ ದಿನಗಳಲ್ಲಿ ಅದನ್ನು ತಾವೇ ಸಾರುವ ಅಗತ್ಯವಿರಲಿಲ್ಲ. ಲೆಕ್ಕದಲ್ಲಿ ತಪ್ಪಿದ ಮೊತ್ತವನ್ನು ಕಿರ್ದಿಯ ಅದೇ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ನಮೂದಿಸುವವನು ಅಪರೂಪ. ಆಕ್ಷೇಪಣೆಯ ಇನ್ನೊಂದು ಮುಖಕ್ಕೆ ಹೆಚ್ಚು ತೂಕವಿದೆ: ಎಷ್ಟು ಸರಳವಾದರೂ ಆ ಊಟ ಹಳ್ಳಿಯವರದೇ, ಅವರಲ್ಲಿ ಅನೇಕರು ದಿನಕ್ಕೆ ಮೂರು ತೊಲ ತುಪ್ಪವನ್ನು ಕಂಡವರಲ್ಲ. ಈ ಮಾತಿಗೆ ಪಟ್ಟಿಯಲ್ಲಿ ಪೂರ್ಣ ಸಮಾಧಾನ ದೊರೆಯುವುದಿಲ್ಲ. ಭಾಟಗಾಮದ ಭಾಷಣವು ಆ ಅಸಮಾಧಾನದಿಂದಲೇ ಹುಟ್ಟಿತೆಂದು ಹೇಳುವುದು ಹೆಚ್ಚು ಸರಿಯಾದೀತು.

ಏಪ್ರಿಲ್ 5ರ ಬೆಳಿಗ್ಗೆ ತಂಡ ದಂಡಿಯನ್ನು ಮುಟ್ಟಿತು. ಅಂದಿನ ಭಾಷಣದಲ್ಲಿ ಗಾಂಧೀಜಿಯವರು ಊರಿನ ಅನಾನುಕೂಲಗಳನ್ನು ಒಂದೊಂದಾಗಿ ಎಣಿಸಿದರು: ಧಾನ್ಯ ಸಿಕ್ಕದು, ನೀರಿಗೆ ತತ್ವಾರ, ರೈಲಿನಿಂದ ಹತ್ತು ಮೈಲಿ, ನಡೆದು ಬಂದರೆ ಕೆಸರು, ಇಂಥ ಸ್ಥಳವನ್ನು ಆರಿಸಿದ್ದು ಮನುಷ್ಯನಲ್ಲ, ದೇವರು ಎಂದರು. ನವಸಾರಿಯಿಂದ ದಂಡಿಯವರೆಗಿನ ದಾರಿಯುದ್ದಕ್ಕೂ ಜನ ಧರ್ಮಾರ್ಥವಾಗಿ ನೀರಿನ ಏರ್ಪಾಟು ಮಾಡಿದ್ದನ್ನು ನೆನೆದರು. ಗುಜರಾತಿನಲ್ಲಿ 'ಪರಬ್' ಎನ್ನುವ ಇವು ನಮ್ಮ ಅರವಟ್ಟಿಗೆಗಳೇ. ಬಿಸಿಲಿನ ಏಪ್ರಿಲ್‌ನಲ್ಲಿ ಸಾವಿರಾರು ಜನ ಉಪ್ಪುನೆಲದ ಹಳ್ಳಿಗೆ ನುಗ್ಗಿದಾಗ ಅವರನ್ನು ಉಳಿಸಿದ್ದು ಊಟಕ್ಕಿಂತ ಮೊದಲು ಈ ಅರವಟ್ಟಿಗೆಗಳು.

ಇಲ್ಲಿ ಆರು ಶತಮಾನಗಳ ಹಿಂದಣ ಪ್ರವಾಸಿಯೊಬ್ಬನು ನೆನಪಾಗುತ್ತಾನೆ. ಹದಿನಾಲ್ಕನೆಯ ಶತಮಾನದ ನಡುವೆ ಇಬ್ನ್ ಬತೂತನು ಖಂಭಾತದಿಂದ ಹೊರಟು ಭರೂಚ ಸೀಮೆಯ ಗಂಧಾರ ಬಂದರಿನಲ್ಲಿ ಹಡಗೇರಿ ಹೊನ್ನಾವರಕ್ಕೆ ಬಂದನು. ಆ ಗಂಧಾರವು ದಂಡಿಯಾತ್ರೆಯ ಜಂಬೂಸರ, ಆಮೋದಗಳಿಗೆ ದೂರವಲ್ಲ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಅನ್ನ, ತುಪ್ಪ, ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು ಬಡಿಸಿದ ಕ್ರಮವನ್ನು ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕಿಂತ ಬೆಲೆಯುಳ್ಳದ್ದು ತೆಂಕಣ ಮಲೆಯಾಳದ ದಾರಿಯ ವರ್ಣನೆ: ಅರ್ಧರ್ಧ ಮೈಲಿಗೆ ಜಗುಲಿಯಿರುವ ಮರದ ಮನೆ, ಬಾವಿ, ನೀರು ಹೊಯ್ಯುವ ಮನುಷ್ಯ, ಹಿಂದುವಾದರೆ ಪಾತ್ರೆಯಲ್ಲಿ ನೀರು, ಮುಸಲ್ಮಾನನಾದರೆ ಬೊಗಸೆಗೆ. ಮುಸಲ್ಮಾನರಿಲ್ಲದ ಊರಿನಲ್ಲಿ ಮುಸಲ್ಮಾನ ಪಯಣಿಗನಿಗೆ ಅಡಿಗೆ ಮಾಡಿ ಬಾಳೆಯೆಲೆಯ ಮೇಲೆ ಸುರಿಯುತ್ತಿದ್ದರು, ಮನೆಯೊಳಕ್ಕೆ ಬಿಡುತ್ತಿರಲಿಲ್ಲ. ಪಶ್ಚಿಮ ಕರಾವಳಿಯಲ್ಲಿ ಪರಸ್ಥಳದವನು ಹಸಿದು ಸಾಯುವಂತಿರಲಿಲ್ಲ, ಆದರೆ ಯಾರ ಪಾತ್ರೆ ಯಾರಿಗೆ ಎಂಬುದು ಗೊತ್ತಾಗಿತ್ತು. ದಂಡಿಯಲ್ಲಿ ಗಾಂಧೀಜಿಯವರು ಇಳಿದುಕೊಂಡದ್ದು ಸೈಫಿ ವಿಲ್ಲಾ ಎಂಬ ಮುಸಲ್ಮಾನರ ಮನೆಯಲ್ಲಿ. ಬೊಹ್ರಾ ಧರ್ಮಗುರು ಸೈಯದ್ನಾ ತಾಹಿರ್ ಸೈಫುದ್ದೀನರು 1961ರಲ್ಲಿ ಆ ಮನೆಯನ್ನು ರಾಷ್ಟ್ರಕ್ಕೆ ಒಪ್ಪಿಸಿದರು.

ಏಪ್ರಿಲ್ 6ರ ಮುಂಜಾನೆಯ ಸಂಗತಿ ಎಲ್ಲರಿಗೂ ತಿಳಿದದ್ದೇ. ಅದಾದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಕನ್ನಡ ಕರಾವಳಿಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯಿದೆ ಮುರಿಯಿತು. ದಂಡಿಗೂ ಅಂಕೋಲೆಗೂ ಒಂದು ಅಂತರವಿದೆ. ದಂಡಿ ಬರಡು, ಅಂಕೋಲೆಯ ಸುತ್ತ ಗದ್ದೆ, ತೆಂಗು, ಬಾವಿನೀರು. ಅಲ್ಲಿ ಸತ್ಯಾಗ್ರಹಿಗೆ ಗಂಜಿ ದೊರೆಯುವುದು ಕಷ್ಟವಲ್ಲ. ಆದರೆ ಉಪ್ಪಿನ ಹಿಂದೆಯೇ ಬಂದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ಧಾಪುರಗಳ ರೈತರು ಹೊಲಮನೆಗಳನ್ನೇ ಕಳೆದುಕೊಂಡರು. ಅನ್ನ ಕೊಟ್ಟವರ ಒಲೆ ತಣ್ಣಗಾಯಿತು.

ದಂಡಿಯ ಬಿಡಾರ ಹೆಚ್ಚು ದಿನ ನಿಲ್ಲಲಿಲ್ಲ. ಏಪ್ರಿಲ್ 14ರಿಂದ ಗಾಂಧೀಜಿಯವರು ಒಳನಾಡಿನ ಕರಾಡಿಯಲ್ಲಿ ಈಚಲ ಗರಿಗಳ ಗುಡಿಸಲಿನಲ್ಲಿದ್ದರು. ಮೇ 5ರ ನಡುರಾತ್ರಿ ಮುಕ್ಕಾಲು ಗಂಟೆ ಕಳೆದ ಮೇಲೆ ಅಲ್ಲಿಯೇ ಅವರ ಬಂಧನವಾಯಿತು. 2019ರ ಜನವರಿ 30ರಂದು ದಂಡಿಯಲ್ಲಿ ತೆರೆದ ರಾಷ್ಟ್ರೀಯ ಸ್ಮಾರಕದಲ್ಲಿ ಯಾತ್ರಿಕರ ಆಳೆತ್ತರದ ಕಂಚಿನ ಪ್ರತಿಮೆಗಳು ಸಾಲಾಗಿ ನಡೆಯುತ್ತಿವೆ. ಮೋಟೆಬೆನ್ನೂರಿನ ತರುಣನನ್ನು ಹುಡುಕುವ ಕನ್ನಡಿಗನು ಮೈಲಾರ ಎಂಬ ಹೆಸರಿಗಿಂತ ಮಹಾದೇವ ಮಾರ್ತಂಡ ಎಂಬ ಹೆಸರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಮಹಾದೇವಪ್ಪನು ಸೆರೆವಾಸವನ್ನು ಮುಗಿಸಿ ನಾಡಿಗೆ ಮರಳಿ ಹಾವೇರಿಯ ಬಳಿಯ ಕೊರಡೂರಿನಲ್ಲಿ ಸೇವಾಶ್ರಮವನ್ನು ಹೂಡಿದನು. ಆಗಲೂ ಅವನ ಕೆಲಸ ಹಳ್ಳಿಗಳಲ್ಲಿಯೇ, ಖಾದಿಯದೇ. 1942ರ ಚಳವಳಿಯಲ್ಲಿ ಭೂಗತನಾದನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯದ ಹಣವನ್ನಿರಿಸಿದ್ದ ವೀರಭದ್ರ ದೇವಸ್ಥಾನದ ಬಳಿ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಪೊಲೀಸರ ಗುಂಡಿಗೆ ಬಲಿಯಾದನು. ಹದಿಮೂರು ವರ್ಷಗಳ ಹಿಂದೆ ಅದೇ ದಿನ ಅವನ ತಂಡವು ಛಾಪರಾಭಾಠಾದಲ್ಲಿ ತಂಗಿ, ತಾಪಿಯನ್ನು ದಾಟಿ, ರಾತ್ರಿಯ ಖಿಚಡಿಗೆ ಸೂರತ್ತನ್ನು ಸೇರಿತ್ತು.